ಚಕ್ರ ಬಿಚ್ಚುತ್ತಿದ್ದವನ ಮೇಲೆ ದರೋಡೆ ಕೇಸು

ಇಸ್ತ್ರಿ ಅಂಗಡಿಯವಳ ಗಂಡ ಬಾಡಿಗೆ ವ್ಯಾನ್ ಓಡಿಸುತ್ತಿದ್ದ. ಒಂದು ದಿನ ಇಬ್ಬರು ಹತ್ತಿದರು, ಔಷಧಿ ಅಂಗಡಿ ಮುಂದೆ ಇಳಿದರು, ಒಳಗೆ ಚಾಕು ತೋರಿಸಿ ಗಲ್ಲಾ ದೋಚಿಕೊಂಡು ಓಡಿದರು. ಹೊರಗೆ ಪಂಕ್ಚರಾದ ಚಕ್ರ ಬಿಚ್ಚುತ್ತಿದ್ದ ಇವನು ಸ್ಪ್ಯಾನರ್ ಸಮೇತ ಸಿಕ್ಕಿಬಿದ್ದ. ಪೊಲೀಸರು ಆ ಸ್ಪ್ಯಾನರನ್ನೂ ಆಯುಧವೆಂದೇ ಬರೆದುಕೊಂಡರು. ಠಾಣೆಗೂ ಜೈಲಿಗೂ ಅಲೆದು ಅಲೆದು ಅವಳು ಹೈರಾಣಾಗಿದ್ದಳು.

ಕೋರ್ಟಿನಲ್ಲಿ ಟೈಪಿಸ್ಟ್ ಆಗಿದ್ದ ಪಕ್ಕದ ಮನೆಯ ಅಕ್ಕ ಬಟ್ಟೆ ಗಂಟು ಇಳಿಸುತ್ತಾ ಕೇಳಿದಳು, "ವಕೀಲರನ್ನ ನೋಡಿದ್ಯಾ?"

"ಯಾಕಕ್ಕ? ನಮ್ಮನೆಯವರು ಚಾಕು ಮುಟ್ಟೇ ಇಲ್ಲ. ಸತ್ಯ ತಾನಾಗೇ ಹೊರಗೆ ಬರುತ್ತೆ."

"ಕೋರ್ಟಲ್ಲಿ ತಾನಾಗೇ ಬರೋದು ಮುಂದಿನ ತಾರೀಖು ಒಂದೇ ಕಣೆ. ಇದು ಬರೀ ಕಳ್ಳತನ ಅಲ್ಲ. ಆಯುಧ ತೋರಿಸಿ ದೋಚಿದ್ರೆ, ಯಾರಿಗೂ ಗಾಯ ಆಗದಿದ್ರೂ ವರ್ಷಗಟ್ಟಲೆ ಜೈಲು. ಗೊತ್ತಿದ್ದೂ ಗಾಡಿ ಓಡಿಸಿದವನಿಗೂ ಅದೇ ಕೇಸು."

"ಇವರಿಗೆ ಗೊತ್ತೇ ಇರ್ಲಿಲ್ಲ!"

"ಅದನ್ನ ತೋರಿಸಿಕೊಡೋಕೇ ವಕೀಲರು ಬೇಕು. ಕಳ್ಳರನ್ನ ಹತ್ತಿಸ್ಕೊಂಡು ಓಡೋಕೆ ಕಾಯ್ತಿದ್ದವನು ಚಕ್ರ ಬಿಚ್ಚಿ ಕೂರ್ತಾನಾ?"

ಅವಳಿಗೆ ನಗು ಬಂತು, ಹಿಂದೆಯೇ ಅಳುವೂ ಬಂತು. "ಹಾಗಾದ್ರೆ ಈಗಲೇ ಹೋಗಿ ಔಷಧಿ ಅಂಗಡಿಯವರ ಕೈಕಾಲು ಹಿಡೀತೀನಿ."

"ಆ ಕಡೆ ತಲೆ ಹಾಕ್ಬೇಡ! ಸಾಕ್ಷಿನ ಹೆದರಿಸೋಕೆ ಬಂದ್ಲು ಅಂದ್ರೆ ಜಾಮೀನಿನ ಆಸೆನೂ ಮಣ್ಣುಪಾಲು. ಎದುರಿನ ಬೇಕರಿಲಿ ಕ್ಯಾಮೆರಾ ಇದೆಯಲ್ಲ?"

"ಇದೆ. ಏಳು ದಿನಕ್ಕೆ ಹಳೇದೆಲ್ಲ ಅಳಿಸಿಹೋಗುತ್ತಂತೆ."

"ಇವತ್ತಿಗೆ ಎಷ್ಟಾಯ್ತು?"

"ಐದು."

ಅಕ್ಕ ಹಣೆ ಚಚ್ಚಿಕೊಂಡಳು. "ಎದ್ದೇಳು ಮೇಲೆ!"

"ವಕೀಲರ ಫೀಸಿಗೆ ಎಲ್ಲಿಗೆ ಹೋಗ್ಲಿ ಅಕ್ಕ?"

"ಕೈಲಾಗದವರಿಗೆ ಕೋರ್ಟೇ ವಕೀಲರನ್ನ ಕೊಡುತ್ತೆ. ಬಾಯಿಬಿಟ್ಟು ಕೇಳ್ಬೇಕು ಅಷ್ಟೆ."

ಉಚಿತ ಕಾನೂನು ನೆರವಿನ ವಕೀಲೆ, ಬೇಕರಿಯ ಕ್ಯಾಮೆರಾ ದೃಶ್ಯ ಉಳಿಸಿಡಬೇಕೆಂದು ಅಂದೇ ಕೋರ್ಟಿಗೆ ಅರ್ಜಿ ಹಾಕಿದರು. ದೃಶ್ಯ ಉಳಿಯಿತು. ಅದರಲ್ಲಿ ಕಳ್ಳರಿಬ್ಬರೂ ವ್ಯಾನಿನತ್ತ ತಿರುಗಿಯೂ ನೋಡದೆ ಓಡುತ್ತಿದ್ದರು. ಇವನು ಬೆವರೊರೆಸಿಕೊಳ್ಳುತ್ತಾ ನಟ್ಟಿನ ಜೊತೆ ಗುದ್ದಾಡುತ್ತಿದ್ದ. ಜಾಮೀನು ಸಿಕ್ಕಿತು. ಕೇಸು ಇನ್ನೂ ಮುಗಿದಿಲ್ಲ. ತಾರೀಖಿಗೆ ಹೋಗಿ ಹೋಗಿ ಗಂಡ ಹೆಂಡತಿ ಇಬ್ಬರೂ ಸುಸ್ತಾಗಿದ್ದಾರೆ, ಆದರೆ ಸುಸ್ತಾಗಿ ಮರಳುವುದು ಒಂದೇ ಮನೆಗೆ.

ಕೇಳುತ್ತಿರುವ ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ನಿಮ್ಮವರ ಮೇಲೆ ಇಂಥ ಕೇಸು ಬಿದ್ದರೆ ಕೈಕಟ್ಟಿ ಕೂರಬೇಡಿ. ಸಾಕ್ಷಿಗಳ ಬಾಗಿಲು ತಟ್ಟಬೇಡಿ. ಮೊದಲ ದಿನವೇ ವಕೀಲರನ್ನು ಕೇಳಿ. ಫೀಸು ಕೊಡಲಾಗದಿದ್ದರೆ ಅದನ್ನೂ ನಾಚಿಕೆಪಡದೆ ಹೇಳಿ. ಇವಳು ಹೋದದ್ದು ಐದನೇ ದಿನ. ಎಂಟನೇ ದಿನ ಹೋಗಿದ್ದರೆ ಗಂಡ ಇವತ್ತಿಗೂ ಒಳಗೇ ಇರುತ್ತಿದ್ದ.