ಟ್ರೂಡೆಗೆ ಇಟ್ಟ ಹಸಿರು

ಓರ್ಟ್ವಿನ್ನನ ಹಾವಿನ ಪೆಟ್ಟಿಗೆಯಲ್ಲಿದ್ದ ಪ್ಲಾಸ್ಟಿಕ್ ಬಳ್ಳಿಯನ್ನು ಕಂಡರೆ ಗೆರ್ಲಿಂಡೆಗೆ ಮೈಯೆಲ್ಲ ಉರಿಯುತ್ತಿತ್ತು. ಹೆರ್ನೆ ಊರಿನ ಗಣಿ ಕೆಲಸಗಾರರ ಆ ಬೀದಿಯಲ್ಲಿ ನಿವೃತ್ತರಾದವರೆಲ್ಲ ಪಾರಿವಾಳ ಸಾಕಿದರೆ, ಅವಳ ಕೆಳಮನೆಯ ಈ ಪುಣ್ಯಾತ್ಮ ಆಫ್ರಿಕಾದ ಗಿಡ್ಡ ಹೆಬ್ಬಾವೊಂದನ್ನು ಸಾಕಿಕೊಂಡಿದ್ದ. ಟ್ರೂಡೆ ಎಂದು ಹೆಸರು. ಹೆಂಡತಿ ಹೋದ ಮೇಲೆ ಅವನು ಮನಸ್ಸು ಬಿಚ್ಚಿ ಮಾತಾಡುತ್ತಿದ್ದುದು ಅದರ ಜೊತೆಗೇ. ಸಾಕಲಿ, ಯಾರು ಬೇಡವೆಂದರು? ಆದರೆ ಜೀವವಿರುವ ಪ್ರಾಣಿಗೆ ಧೂಳು ಹಿಡಿದ ಪ್ಲಾಸ್ಟಿಕ್ ಎಲೆಯೇ?

"ಹಾವಿಗೇನು ಕಣ್ಣಿಲ್ವೇನಯ್ಯಾ? ನಾಲ್ಕು ನಿಜವಾದ ಗಿಡ ಇಡು ಅದಕ್ಕೆ," ಎಂದು ಅವಳು ರೇಗುತ್ತಿದ್ದಳು.

"ನನ್ನ ಕೈಗೆ ಸಿಕ್ಕಿದ್ರೆ ಪ್ಲಾಸ್ಟಿಕ್ ಗಿಡಾನೂ ಒಣಗುತ್ತೆ ಕಣೆ," ಎಂದು ಅವನು ನಗುತ್ತಿದ್ದ.

ಮೇ ತಿಂಗಳಲ್ಲಿ ಅವನು ಎದೆಯ ಚಿಕಿತ್ಸೆಗೆಂದು ಸಮುದ್ರದ ಗಾಳಿ ಕುಡಿಯಲು ನೋರ್ಡರ್ನೈ ದ್ವೀಪಕ್ಕೆ ಹೊರಟ. ಇಲಿ ತಿನ್ನಿಸುವ ಗೋಜು ಬೇಡ, ಹೋಗುವ ಮುಂಚೆ ತಿನ್ನಿಸಿದ್ದೇನೆ, ದಿನಾ ನೀರು ಬದಲಾಯಿಸಿ ಒಂದಿಷ್ಟು ಚಿಮುಕಿಸಿದರೆ ಸಾಕು ಎಂದು ಹೇಳಿ ಅವಳಿಗೆ ಬೀಗದ ಕೈ ಕೊಟ್ಟ. ಅವನ ಬಸ್ಸು ತಿರುವು ದಾಟಿತೋ ಇಲ್ಲವೋ, ಗೆರ್ಲಿಂಡೆಯ ತಲೆಯೊಳಗೆ ಹುಳ ಹೊಕ್ಕಿತು. ಅವನು ಬರುವಷ್ಟರಲ್ಲಿ ಪೆಟ್ಟಿಗೆಯನ್ನು ಹಸಿರು ಮಾಡಿ ಬೆರಗುಗೊಳಿಸಬೇಕು!

ಊರಾಚೆಯ ತನ್ನ ಕೈತೋಟದಿಂದ ಜರೀಗಿಡ, ತನ್ನ ಕಿಟಕಿಯಿಂದ ಸೊಂಪಾದ ಮನಿಪ್ಲಾಂಟ್ ತಂದಳು. ಎಲೆಯಡಿ ರಸ ಹೀರುವ ಒಂದೆರಡು ಗಿಡಹೇನು ಕಂಡವು. ಛೇ, ಹೇನು ಹಿಡಿದ ಗಿಡವನ್ನು ಯಾರಾದರೂ ಉಡುಗೊರೆ ಕೊಡುತ್ತಾರೆಯೇ? ಅಲ್ಲಿ ಕೈತೋಟ ಮಾಡುವವರೆಲ್ಲ ತಾತಂದಿರ ಕಾಲದಿಂದ ಮಾಡಿಕೊಂಡು ಬಂದದ್ದನ್ನೇ ಅವಳೂ ಮಾಡಿದಳು. ಸಿಗರೇಟಿನ ತುಂಡುಗಳನ್ನು ನೀರಲ್ಲಿ ನೆನೆಹಾಕಿ, ಸೋಸಿ, ಆ ಕಂದು ಕಷಾಯವನ್ನು ಎಲೆಯ ಮೇಲೂ ಕೆಳಗೂ ಚೆನ್ನಾಗಿ ಹೊಡೆದಳು. ಅಂಗಡಿಯ ವಿಷ ಮುಟ್ಟದ ತೋಟ ತನ್ನದು ಎಂಬ ಜಂಬ ಬೇರೆ. ಎಲೆ ಒಣಗಿದ ಮೇಲೆ ಪ್ಲಾಸ್ಟಿಕ್ ಬಳ್ಳಿ ಕಿತ್ತೆಸೆದು ಗಿಡಗಳನ್ನು ಪೆಟ್ಟಿಗೆಯೊಳಗೆ ನೆಟ್ಟು, ಮೇಲೆ ನೀರು ಚಿಮುಕಿಸಿದಳು. ಟ್ರೂಡೆ ಮೆಲ್ಲಗೆ ಬಂದು ಎಲೆಯ ಮೇಲಿನ ಹನಿಗಳನ್ನು ಕುಡಿಯಿತು. ಗೆರ್ಲಿಂಡೆಗೆ ಕಣ್ಣು ತುಂಬಿ ಬಂತು. ಹಾವಿಗೆ ಹಾಲೆರೆದು ಕೆಟ್ಟವರುಂಟು. ಹಸಿರು ಇಟ್ಟು ಹಾವನ್ನೇ ಕೆಡಿಸಿದವಳು ಬಹುಶಃ ಇವಳೊಬ್ಬಳೇ.

ಮಾರನೆಯ ದಿನ ಟ್ರೂಡೆ ಅಂಗಾತ ಬಿದ್ದಿತ್ತು. ತಲೆ ಎತ್ತಲು ಹೋದರೆ ಕುತ್ತಿಗೆ ಹಿಂದಕ್ಕೆ ತಿರುಚಿಕೊಳ್ಳುತ್ತಿತ್ತು. ಗೆರ್ಲಿಂಡೆ ಸಾಕುಪ್ರಾಣಿ ಅಂಗಡಿಗೆ ಫೋನ್ ಮಾಡಿ, ಹೆಸರು ಹೇಳದೆ, ಹೊಸ ಗಿಡ ಇಟ್ಟ ಮೇಲೆ ಹಾವು ಹೀಗಾಗಿದೆ, ಯಾಕೆ ಎಂದು ಕೇಳಿದಳು.

"ಗಿಡಕ್ಕೆ ಏನಾದ್ರೂ ಹೊಡೆದಿದ್ರಾ?" ಎಂದ ಆ ಕಡೆಯವನು. "ತಂಬಾಕಿನ ನೀರು? ಅಯ್ಯೋ ದೇವರೇ! ಹಾವಿಗೆ ಅದು ಅಪ್ಪಟ ವಿಷ. ಈಗಲೇ ಡಾಕ್ಟರ್ ಹತ್ರ ಹೋಗಿ, ಹೊಡೆದದ್ದೇನು ಅಂತ ಹೇಳಿ."

ಅವಳು ಮೊದಲು ಮಾಡಿದ್ದೇನು ಗೊತ್ತೇ? ಗಿಡಗಳನ್ನು ಕಿತ್ತು ಕಸಕ್ಕೆ ಹಾಕಿದಳು. ಪೆಟ್ಟಿಗೆ ಒರೆಸಿ, ಪ್ಲಾಸ್ಟಿಕ್ ಬಳ್ಳಿಯನ್ನು ಹೆಕ್ಕಿ ತಂದು ಇದ್ದಂತೆಯೇ ಸಿಕ್ಕಿಸಿದಳು. ಆಮೇಲೆ ಓರ್ಟ್ವಿನ್ನನಿಗೆ ಫೋನ್ ಮಾಡಿ, "ಟ್ರೂಡೆ ಯಾಕೋ ಮಂಕಾಗಿದೆ ಕಣೋ," ಎಂದಳು.

ಅವನು ಚಿಕಿತ್ಸೆಯನ್ನು ಅರ್ಧಕ್ಕೇ ಬಿಟ್ಟು ಓಡಿ ಬಂದ. ಹಾವನ್ನು ದಿಂಬಿನ ಚೀಲದಲ್ಲಿಟ್ಟು ಎದೆಗವಚಿಕೊಂಡು ಇಬ್ಬರೂ ಪಶುವೈದ್ಯೆಯ ಬಳಿ ಹೋದರು.

"ಪೆಟ್ಟಿಗೆಯಲ್ಲಿ ಏನಾದ್ರೂ ಬದಲಾಯಿಸಿದ್ರಾ?" ಎಂದಳು ವೈದ್ಯೆ.

ಓರ್ಟ್ವಿನ್ ಗೆರ್ಲಿಂಡೆಯ ಮುಖ ನೋಡಿದ. ಅವಳು ಹೇಳಬೇಕಾಗಿದ್ದುದು ಒಂದೇ ಒಂದು ಮಾತು.

"ಇಲ್ಲ. ಬರೀ ನೀರು," ಎಂದಳು.

ಓರ್ಟ್ವಿನ್ ತಲೆ ತಗ್ಗಿಸಿದ. "ನಾನೇ ಬದಲಾಯಿಸಿದ್ದು. ಹೊರಡೋ ಗಡಿಬಿಡಿಯಲ್ಲಿ ಶಾಖದ ದೀಪ ಹೊಸದು ಹಾಕಿದ್ದೆ."

ಶಾಖ ಹೆಚ್ಚಾದರೂ ಹೀಗಾಗುವುದುಂಟು ಎಂದಳು ವೈದ್ಯೆ. ಮರುದಿನ ಬೆಳಿಗ್ಗೆ ಟ್ರೂಡೆ ಅವನ ತೊಡೆಯ ಮೇಲೆಯೇ ಸತ್ತಿತು.

ಆಮೇಲೆ ಓರ್ಟ್ವಿನ್ ಇಸ್ಪೀಟಿನ ಬೈಠಕ್ಕಿಗೆ ಹೋಗಲಿಲ್ಲ. ಗಡ್ಡ ಬಿಟ್ಟ. ಗೆರ್ಲಿಂಡೆ ಸಾರು ಮಾಡಿ ಕೆಳಗೆ ತಂದುಕೊಟ್ಟಳು, ಅವನ ಅಂಗಿ ಇಸ್ತ್ರಿ ಮಾಡಿದಳು. ಸತ್ತದ್ದು ಸತ್ತಿತು, ಈಗ ಹೇಳಿ ಅವನ ಗಾಯ ಕೆದಕುವುದೇಕೆ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು.

ಆಗಸ್ಟಿನ ಒಂದು ಭಾನುವಾರ ಪ್ಲಮ್ ಹಣ್ಣಿನ ಕೇಕು ಹಿಡಿದು ಕೆಳಗಿಳಿದಳು. ಅವನು ಕಾಫಿ ಬಗ್ಗಿಸಿದ.

"ಸಿಲ್ಕೆ ಬಂದಿದ್ಳು," ಎಂದ. ಸಿಲ್ಕೆ ಅವನ ಒಬ್ಬಳೇ ಮಗಳು, ಹಸುಗೂಸಿನ ತಾಯಿ. "ಕೆಲಸಕ್ಕೆ ವಾಪಸ್ ಹೋಗ್ತಾಳಂತೆ. ಶುಕ್ರವಾರ ಶುಕ್ರವಾರ ಮಗೂನ ನೋಡ್ಕೋ ಅಪ್ಪಾ ಅಂದ್ಳು. ಆಗಲ್ಲ ಅಂದೆ."

"ಅಯ್ಯೋ, ಯಾಕೋ? ಆ ಮಗು ಅಂದ್ರೆ ಜೀವ ಬಿಡ್ತೀಯಲ್ಲ!"

"ಒಂದು ದೀಪ ನೆಟ್ಟಗೆ ಹಾಕೋಕೆ ಬರ್ದೇ ಹಾವು ಕೊಂದೋನು ಕಣೆ ನಾನು. ನನ್ನ ನಂಬಿ ಮಗೂನ ಹೆಂಗೆ ಕೊಡ್ತಾಳೆ? ಅವಳು ಕೊಟ್ರೂ ನಾನು ಮುಟ್ಟಲ್ಲ. ಈ ಕೈಗೆ ಹೆದರ್ತೀನಿ."

ಅವನು ಎರಡೂ ಕೈಗಳನ್ನು ಮೇಜಿನ ಮೇಲೆ ಅಂಗಾತ ಇಟ್ಟು ನೋಡುತ್ತ ಕುಳಿತ. ಗೆರ್ಲಿಂಡೆಗೆ ಇನ್ನು ತಡೆಯಲಾಗಲಿಲ್ಲ.

"ನೀನಲ್ಲ ಕಣೋ. ನಾನು," ಎಂದಳು. ಆಮೇಲೆ ಎಲ್ಲ ಹೊರಬಂತು. ಗಿಡ, ಹೇನು, ಕಷಾಯ, ಅಂಗಡಿಯವನ ಮಾತು, ಕಸದ ತೊಟ್ಟಿ, ಕೊನೆಗೆ ವೈದ್ಯೆಯ ಮುಂದೆ ಹೇಳಿದ ಆ ಸುಳ್ಳು. ಅಳುತ್ತಲೇ ಹೇಳಿದಳು.

ಓರ್ಟ್ವಿನ್ ತನ್ನ ಕೈಗಳಿಂದ ಕಣ್ಣೆತ್ತಿ ಅವಳನ್ನು ನೋಡಿದ. "ಹಾಗಾದ್ರೆ ದೀಪ ಅಲ್ವಾ?" ಎಂದ. "ನಾನಲ್ವಾ?"

"ಅಲ್ಲ."

ಅವನ ಮುಖ ಸಡಿಲವಾಯಿತು. ಒಂದು ಕ್ಷಣ ನಗುವೇ ಬಂದಂತಾಯಿತು. ಗೆರ್ಲಿಂಡೆಗೂ ಹೋದ ಜೀವ ಬಂದಂತಾಗಿ ಅವನ ಕೈ ಹಿಡಿಯಲು ಹೋದಳು. ಅವನು ಕೈ ಹಿಂದಕ್ಕೆ ತೆಗೆದುಕೊಂಡ.

"ಟ್ರೂಡೆಗೆ ನೀನು ಮಾಡಿದ್ದು ಗೊತ್ತಿಲ್ದೆ ಮಾಡ್ದೆ," ಎಂದ. ದನಿಯಲ್ಲಿ ಸಿಟ್ಟೂ ಇರಲಿಲ್ಲ. "ನನಗೆ ಮಾಡಿದ್ದು ಗೊತ್ತಿದ್ದೇ ಮಾಡ್ದೆ. ದಿನಾ ಸಾರು ತಂದುಕೊಟ್ಟು, ಎದುರಿಗೆ ಕೂತ್ಕೊಂಡು, ನೋಡ್ತಾ ನೋಡ್ತಾ ಮಾಡ್ದೆ."

ಹೀಗೆಂದು ಎದ್ದು, ಮಗಳಿಗೆ ಫೋನ್ ಮಾಡಲು ಒಳಕೋಣೆಗೆ ಹೋದ.