ಗವಿಯೊಳಗೆ ಅಕ್ಕ ತಮ್ಮ

ತಮ್ಮನ ಹತ್ತಿರ ಅಕ್ಕನಿಗೆ ಒಂದು ಮಾತು ಹೇಳುವುದಿತ್ತು. ಅದೇನೆಂದು ಪುಟ್ಟುವಿಗೆ ಗೊತ್ತಿತ್ತು. ಗೊತ್ತಿದ್ದದ್ದರಿಂದಲೇ ಕಡಲ ತೀರದ ಊರಿನ ಹೋಟೆಲಿಗೆ ರಜೆಗೆಂದು ಬಂದಿಳಿದ ಗಳಿಗೆಯಿಂದ ಅವನು ಕೂತಲ್ಲಿ ಕೂರಲಿಲ್ಲ. ಬಚ್ಚಲಿನ ನಲ್ಲಿಗೆ ಹೊಸ ವಾಷರು ಹಾಕಿದ. ಕಿರುಗುಡುವ ಕಪಾಟಿಗೆ ತಲೆಗೆ ಹಚ್ಚುವ ಎಣ್ಣೆ ಬಿಟ್ಟ. ಕೊನೆಗೆ ಕೆಳಗಿಳಿದು ಮ್ಯಾನೇಜರನ ಮುಂದೆ ನಿಂತು, "ನಿಮ್ಮ ಲಿಫ್ಟು ಎರಡನೇ ಮಹಡೀಲಿ ಬಿಕ್ಕಳಿಸುತ್ತೆ, ಸ್ವಲ್ಪ ಬಿಚ್ಚಿ ನೋಡ್ಲಾ?" ಎಂದು ಕೇಳಿ ಬೈಸಿಕೊಂಡ.

ಐವತ್ತು ದಾಟಿ, ತಲೆಯ ಮೇಲೆ ಬಾಚಲು ಹೆಚ್ಚೇನೂ ಉಳಿಯದಿದ್ದರೂ ಅಕ್ಕನ ಬಾಯಲ್ಲಿ ಅವನಿನ್ನೂ ಪುಟ್ಟುವೇ. ಕಸುಬು ಲಿಫ್ಟ್ ರಿಪೇರಿ. ಮದುವೆ ಯಾಕಾಗಲಿಲ್ಲವೆಂದು ಕೇಳಿದವರಿಗೆ ಪುರುಸೊತ್ತಾಗಲಿಲ್ಲ ಎನ್ನುತ್ತಿದ್ದ. ಭಾವ ತೀರಿಕೊಂಡ ಮೇಲೆ ಅಕ್ಕ ಅವನ ಮನೆಗೆ ಬಂದಳು. ಯಾರು ಯಾರಿಗೆ ಆಸರೆ ಎಂದು ಇಬ್ಬರೂ ಕೇಳಿಕೊಂಡವರಲ್ಲ. ಈಚೆಗೆ ಅಕ್ಕನ ಕಣ್ಣು ಪದೇ ಪದೇ ಕೆಡತೊಡಗಿತ್ತು. ಕನ್ನಡಕದ ಮೇಲೆ ಕನ್ನಡಕ ಬದಲಾಯಿತು. ಕಣ್ಣು ಅಷ್ಟೊಂದು ಹಾಳಾದವಳು ಸೂಜಿಗೆ ದಾರವನ್ನು ಮಾತ್ರ ಒಂದೇ ಏಟಿಗೆ ಪೋಣಿಸುತ್ತಿದ್ದಳು. ಪುಟ್ಟು ದಡ್ಡನಲ್ಲ. ಕನ್ನಡಕದ ಅಂಗಡಿಯವರು ಹೆಂಡತಿಯನ್ನು ಕಳೆದುಕೊಂಡವರು, ನಗುಮುಖದವರು. ದೂರೋಣವೆಂದರೆ ಒಂದು ಕೊರತೆಯೂ ಕೈಗೆ ಸಿಗುತ್ತಿರಲಿಲ್ಲ. ಅವನ ಹೊಟ್ಟೆಯುರಿಗೆ ಅದೂ ಒಂದು ಕಾರಣ. ಅಕ್ಕ ಹೊರಟುಬಿಟ್ಟರೆ ಮನೆಯಲ್ಲಿ ಉಳಿಯುವುದು ತಾನು, ಜೊತೆಗೆ ಎಲ್ಲವೂ ರಿಪೇರಿಯಾಗಿ ಮುಗಿದಿರುವ ಸಾಮಾನು.

ಸಂಜೆ ಕಡಲ ದಂಡೆಯ ಬೆಂಚಿನ ಮೇಲೆ ಅಕ್ಕ ಶುರುಮಾಡಿದಳು. "ಪುಟ್ಟು, ಇಲ್ಲಿ ಕೂತ್ಕೋ. ನಿಂಗೊಂದು ಮಾತು..."

"ಈ ಬೆಂಚಿನ ಕಾಲು ನೋಡಕ್ಕಾ, ಅಲ್ಲಾಡ್ತಿದೆ."

"ಬೆಂಚು ನೆಟ್ಟಗಿದೆ. ಅಲ್ಲಾಡ್ತಿರೋದು ನೀನು."

ಅವನು ಐಸ್‌ಕ್ರೀಂ ತರುತ್ತೇನೆಂದು ಎದ್ದುಹೋದವನು, ಅದು ಕರಗಿ ಮೊಣಕೈಗೆ ಇಳಿಯುವವರೆಗೂ ತಿರುಗಿ ಬರಲಿಲ್ಲ.

ಮರುದಿನ ದೋಣಿಯಲ್ಲಿ ಕಡಲ ಗವಿ ನೋಡಲು ಹೋಗೋಣ ಎಂದು ಅಕ್ಕ ಅಂದಾಗ ಪುಟ್ಟು ತಕ್ಷಣ ಒಪ್ಪಿದ. ದೋಣಿ ತುಂಬ ಜನ, ಮಕ್ಕಳ ಗಲಾಟೆ. ಅಲ್ಲಿ ಮಾತೆಲ್ಲಿ ಬಂತು? ದಡಕ್ಕೆ ಹೋಗಿ ನೋಡಿದರೆ ಅಕ್ಕ ಇಡೀ ದೋಣಿಯನ್ನೇ ಗೊತ್ತುಮಾಡಿದ್ದಳು. ಹುಟ್ಟು ಹಾಕುವವಳು ದಪ್ಪ ತೋಳಿನ, ಅದಕ್ಕಿಂತ ದಪ್ಪ ದನಿಯ ಹೆಂಗಸು.

ಗವಿಯ ಬಾಯಿ ಎಷ್ಟು ತಗ್ಗೆಂದರೆ ಮೂವರೂ ದೋಣಿಯಲ್ಲಿ ಅಂಗಾತ ಮಲಗಬೇಕಾಯಿತು. ಬಂಡೆ ಮೂಗು ಸವರಿಕೊಂಡೇ ಹೋಯಿತು. ಒಳಗೆ ಎದ್ದು ಕೂತರೆ ಚಾವಣಿಯ ಮೇಲೆಲ್ಲ ಹಸಿರು ಬೆಳಕು ಕದಲುತ್ತಿತ್ತು. ದೋಣಿಯವಳು ಹುಟ್ಟುಗಳನ್ನು ಒಳಗೆಳೆದುಕೊಂಡು, "ನೋಡ್ಕೊಳ್ಳಿ. ಚೆನ್ನಾಗಿದೆ ಅನ್ನಿ, ಎಲ್ರೂ ಅಂತಾರೆ" ಎಂದಳು.

"ಚೆನ್ನಾಗಿದೆ" ಎಂದಳು ಅಕ್ಕ, ಮೇಲೆ ನೋಡದೆ. "ಈಗ ಎಲ್ಲಿಗೆ ಓಡ್ತೀಯೋ?"

ಪುಟ್ಟುವಿನ ಕೈ ತಾನಾಗಿ ಜೇಬಿಗೆ ಹೋಯಿತು. ಜೇಬಿನಲ್ಲಿ ಸ್ಪ್ಯಾನರಿತ್ತು. ಹುಟ್ಟು ಕೂರುವ ಕಬ್ಬಿಣದ ಕವೆ ಲಟಪಟ ಎನ್ನುತ್ತಿದ್ದುದನ್ನು ಅವನು ದಡದಲ್ಲೇ ಕಂಡುಕೊಂಡಿದ್ದ. "ಒಂದ್ನಿಮಿಷ ಅಕ್ಕ, ಇದು ಸಡಿಲ ಆಗಿದೆ" ಎಂದವನೇ ಬಗ್ಗಿ ನಟ್ಟಿಗೆ ಜೋರಾಗಿ ಒಂದು ತಿರುವು ಕೊಟ್ಟ.

"ಅಯ್ಯಯ್ಯೋ, ಮುಟ್ಬೇಡಿ! ಅದು ಸಡಿಲಾನೇ ಇರ್ಬೇಕು!"

ಉಪ್ಪುನೀರು ತಿಂದ ಕಬ್ಬಿಣ ಟಕ್ಕೆಂದಿತು. ಕವೆ ಪುಳಕ್ಕನೆ ನೀರಿಗೆ ಬಿದ್ದು, ಹಸಿರಲ್ಲಿ ಹೊಳೆಯುತ್ತ ಇಳಿದುಹೋಯಿತು.

ದೋಣಿಯವಳು ಕವೆ ಉಳಿದಿದ್ದ ಬದಿಯ ಹುಟ್ಟನ್ನು ಹಾಕಿ ನೋಡಿದಳು. ದೋಣಿ ಗಾಣದೆತ್ತಿನ ಹಾಗೆ ಇದ್ದಲ್ಲೇ ಸುತ್ತಿತು. ಅವಳು ಗವಿಯ ಬಾಯಿಯತ್ತ ತಿರುಗಿ, ಹಗ್ಗ ತರುವಂತೆ ದಡದಲ್ಲಿದ್ದವರಿಗೆ ಕೂಗಿದಳು. ಆಮೇಲೆ ಕಾಲು ಚಾಚಿಕೊಂಡು, "ಬರ್ತಾರೆ, ಊಟ ಮುಗಿಸ್ಕೊಂಡು" ಎಂದಳು. "ಅಲ್ಲೀವರೆಗೆ ನೀವು ಮಾತಾಡ್ಕೊಳ್ಳಿ. ನಾನೇನೂ ಕೇಳಿಸ್ಕೊಳ್ಳಲ್ಲ." ಹಾಗೆಂದವಳು ಒಂದಿಷ್ಟು ಹತ್ತಿರಕ್ಕೆ ಜರುಗಿದಳು.

"ನಾನು ಮದುವೆ ಆಗ್ಬೇಕು ಅಂತಿದೀನಿ, ಪುಟ್ಟು."

"ಗೊತ್ತು."

"ಗೊತ್ತಿದ್ದೂ ಇಷ್ಟು ದಿನ ನನ್ನ ಕುಣಿಸಿದ್ಯಾ?"

"ಅವರ ಮನೆ ಮೂರನೇ ಮಹಡಿ. ಲಿಫ್ಟಿಲ್ಲ. ನಿನ್ನ ಮಂಡಿ?"

"ಮಂಡಿ ನಂದು, ನಾನು ನೋಡ್ಕೋತೀನಿ. ನೀನು ಹೂಂ ಅನ್ನದೆ ನಾನು ಆ ಮೆಟ್ಟಿಲು ಹತ್ತಲ್ಲ."

"ಹತ್ತಬೇಡ ಬಿಡು ಹಾಗಾದ್ರೆ."

ಮಾತು ಬಾಯಿಂದ ಬಿದ್ದುಹೋಯಿತು. ಅಕ್ಕ ಬೈಯಲಿಲ್ಲ, ಅಳಲೂ ಇಲ್ಲ. "ಆಯ್ತು" ಎಂದು ಸೆರಗಿನಿಂದ ಕನ್ನಡಕ ಒರೆಸತೊಡಗಿದಳು, ಒರೆಸಿದ್ದನ್ನೇ ಒರೆಸಿದಳು. ದೋಣಿಯವಳು ಏನೂ ಕೇಳಿಸಿಕೊಳ್ಳದವಳು, ಪುಟ್ಟುವನ್ನು ದುರುಗುಟ್ಟಿ ನೋಡಿದಳು. ಅವನು ಕೈಗೆ ಕೆಲಸ ಹುಡುಕಿದ. ದೋಣಿಯಲ್ಲಿ ಮುರಿಯಲು ಇನ್ನೊಂದೇ ಕವೆ ಉಳಿದಿತ್ತು.

"ನಂಗೆ ಭಯ ಆಗುತ್ತೆ ಅಕ್ಕ" ಎಂದ, ಕೊನೆಗೆ. "ಕೆಲಸ ಮುಗಿಸಿ ಬಂದು ಯಾರ ಹತ್ರ ಮಾತಾಡ್ಲಿ?"

"ನನ್ನ ಹತ್ರ ಯಾವತ್ತು ಮಾತಾಡಿದ್ದೀಯೋ, ಮಾರಾಯ?"

ಅವನು ಬಾಯಿ ತೆರೆದ. ಅಷ್ಟರಲ್ಲಿ ಗವಿಯ ಬಾಯಲ್ಲಿ ಇನ್ನೊಂದು ದೋಣಿಯ ಮೂಗು ಕಾಣಿಸಿತು. "ಹಗ್ಗ ಎಸೀಲಾ?" ಎಂದು ಯಾರೋ ಕೂಗಿದರು. ಅಕ್ಕ ಕನ್ನಡಕ ಹಾಕಿಕೊಂಡು, ಇವನು ಈಗ ಹಾರಿ ಎದ್ದೇಳುತ್ತಾನೆಂದು ದೋಣಿಯ ಅಂಚನ್ನು ಬಿಗಿಯಾಗಿ ಹಿಡಿದಳು.

"ಸ್ವಲ್ಪ ತಡೀರಿ!" ಪುಟ್ಟು ಕೂತಲ್ಲಿಂದಲೇ ಕೂಗಿದ. "ಮಾತಾಡ್ತಾ ಇದೀವಿ." ಆಮೇಲೆ ಅಕ್ಕನ ಕಡೆ ತಿರುಗಿದ. "ಹೂಂ. ಅಂದೆನಲ್ಲ? ಈಗ ಹೇಳು, ಅವರು ನಿನ್ನ ಹತ್ರ ಏನೇನು ಮಾತಾಡ್ತಾರೆ?"