ಗಾಳಿ ಪಿಸ್ತೂಲು ಮತ್ತು ಅರ್ಧ ಕಿಲೋ ಕಲ್ಲು

ನಾನೊಂದು ಗಾಳಿ ಪಿಸ್ತೂಲು. ಕೊಲ್ಲುವ ಜಾತಿಯದಲ್ಲ, ಹತ್ತು ಮೀಟರ್ ದೂರದ ಕಾಗದಕ್ಕೆ ತೂತು ಹೊಡೆಯುವುದಷ್ಟೇ ನನ್ನ ಕಸುಬು. ಹುಟ್ಟಿದ್ದು ತಗಡಿನ ಶೆಡ್ಡಿನಲ್ಲಿ. ಅಗ್ಗದ ಮಾಲು ಅಂತ ನನ್ನ ಒಳಭಾಗಕ್ಕೆ ಅರ ಉಜ್ಜುವ ಗೋಜಿಗೆ ಯಾರೂ ಹೋಗಲಿಲ್ಲ. ಹೊರಗೆ ಮಾತ್ರ ಫಳಫಳ ಬಣ್ಣ.

ನನ್ನನ್ನು ಕೊಂಡವಳು ಗದಗಿನ ಕಾಲೇಜು ಹುಡುಗಿ ಪೂರ್ಣಿಮಾ. ಕಿರಿಯರ ವಿಭಾಗದಲ್ಲಿ ಅವಳಿಗೆ ಅದೇ ಕೊನೆಯ ವರ್ಷ. ಬೆಳಗಾವಿಯ ಸ್ಪರ್ಧೆಯಲ್ಲಿ ಮೊದಲ ಮೂವರೊಳಗೆ ಬಂದರೆ ರಾಜ್ಯ ತಂಡ, ಇಲ್ಲದಿದ್ದರೆ ಏನೂ ಇಲ್ಲ. ನಾನೋ, ಹೊಸದಾಗಿದ್ದರೂ ಕಾಟ ಕೊಟ್ಟೆ. ಟ್ರಿಗರ್ ಎಳೆದರೆ ಗರಗರ ಸದ್ದು. ಅವಳ ಬೆರಳು ಜಗ್ಗಿ ಗುಂಡು ಕೆಳಕ್ಕೆ, ಎಡಕ್ಕೆ ಓಡುತ್ತಿತ್ತು.

"ತಾ ಇಲ್ಲೆ, ನಾ ನೋಡತೇನಿ" ಅಂದವನು ಅವಳ ಅಪ್ಪ ಮೌನೇಶಪ್ಪ, ತಕ್ಕಡಿ ರಿಪೇರಿಯವನು. ಗಾಳಿ ಸೋರುತ್ತಿದ್ದ ವಾಶರ್ ಬದಲಿಸಿದ, ಒರಟು ಅಂಚುಗಳಿಗೆ ಎಮರಿ ಕಾಗದ ತಿಕ್ಕಿದ, ಒಂದು ಹನಿ ಎಣ್ಣೆ ಬಿಟ್ಟ. ಸುಳ್ಳೇಕೆ ಹೇಳಲಿ, ನನ್ನನ್ನು ಯಾರೂ ಅಷ್ಟು ಪ್ರೀತಿಯಿಂದ ಮುಟ್ಟಿರಲಿಲ್ಲ. ಆಮೇಲೆ ಸ್ಪ್ರಿಂಗಿನ ತಿರುಪನ್ನು ಸಡಿಲಿಸುತ್ತ ಬಂದ. ಟ್ರಿಗರ್ ಹಗುರವಾದಷ್ಟೂ ಗುರಿಗೆ ಒಳ್ಳೆಯದು. ಆದರೆ ನಿಯಮದ ಪ್ರಕಾರ ಅದಕ್ಕೆ ಅರ್ಧ ಕಿಲೋ ತೂಗುಹಾಕಿದರೂ ಟ್ರಿಗರ್ ಬಿಟ್ಟುಕೊಳ್ಳಬಾರದು. ಮೌನೇಶಪ್ಪ ಮೂಲೆಯ ಪೆಟ್ಟಿಗೆಯಿಂದ ಅರ್ಧ ಕಿಲೋದ ಕಬ್ಬಿಣದ ತೂಕದ ಕಲ್ಲೊಂದನ್ನು ತೆಗೆದು, ದಾರ ಕಟ್ಟಿ ನೇತುಹಾಕಿದ. ಹೇಗೋ ತಡೆದೆ. ತಿರುಪನ್ನು ಅಲ್ಲಿಗೇ ನಿಲ್ಲಿಸಿದ.

"ಬೆಳಗಾವಿಗೆ ಹೋದಮ್ಯಾಲ ಸ್ಪರ್ಧೆಯವರ ತೂಕಕ್ಕೂ ಒಮ್ಮೆ ಹಚ್ಚಿ ನೋಡತೇನಿ" ಅಂದಳು ಪೂರ್ಣಿಮಾ.

"ಗದಗ ಪ್ಯಾಟಿ ಎಲ್ಲಾ ನನ್ನ ತೂಕದ ಮ್ಯಾಲ ನಡೀತೈತಿ. ನನಗ ತೂಕ ಕಲಸ್ತಿ ಏನವಾ?"

ಅವಳು ನಕ್ಕು ನನ್ನನ್ನು ಚೀಲಕ್ಕೆ ಹಾಕಿದಳು; ಅಲ್ಲಿ ಹೋದ ಮೇಲೆ ಹಚ್ಚಿ ನೋಡಲೂ ಇಲ್ಲ.

ಬೆಳಗಾವಿಯಲ್ಲಿ ನನ್ನ ಟ್ರಿಗರ್ ಬೆಣ್ಣೆಯಂತಿತ್ತು. ಪೂರ್ಣಿಮಾ ಎರಡನೆಯವಳಾಗಿ ಬಂದಳು. ಸ್ಪರ್ಧೆ ಮುಗಿದ ಮೇಲೆ ಚೀಟಿ ಎತ್ತಿ ಕೆಲವರ ಪಿಸ್ತೂಲು ಪರೀಕ್ಷಿಸುತ್ತಾರೆ. ನಮ್ಮ ಚೀಟಿ ಬಂತು. ಅಧಿಕಾರಿ ತಮ್ಮ ತೂಕ ನೇತುಹಾಕಿದರು. ಟಕ್! ಟ್ರಿಗರ್ ಬಿಟ್ಟುಕೊಂಡಿತು. ಮತ್ತೆ ಟಕ್. ಮೂರನೆಯ ಸಲ ಹಲ್ಲು ಕಚ್ಚಿ ಹಿಡಿದೆ, ಆಗಲಿಲ್ಲ. ಪಟ್ಟಿಯಿಂದ ಅವಳ ಹೆಸರು ಹೊಡೆದುಹಾಕಿದರು. "ಬೇಕಂತನ ಹಗುರ ಮಾಡಿಸ್ಕೊಂಡು ಬಂದಾಳ" ಎಂದು ಹಿಂದಿನಿಂದ ಯಾರೋ ಅಂದರು. 

ಮನೆಗೆ ಬಂದವಳೇ ಆ ಕಲ್ಲನ್ನು ಬೋರಲು ಹಾಕಿದಳು. ಇಂಥ ಕಲ್ಲಿನ ಅಡಿಯ ಕುಳಿಯಲ್ಲಿ ತೂಕ ಸರಿದೂಗಿಸಲು ಸೀಸ ತುಂಬಿ ಮುದ್ರೆ ಒತ್ತಿರುತ್ತಾರೆ. ಇದರಲ್ಲಿ ಸೀಸದ ಬದಲು ಮೇಣವಿತ್ತು, ಮೇಲೆ ಬಣ್ಣ; ಕಲ್ಲು ಅರ್ಧ ಕಿಲೋಕ್ಕಿಂತ ಹಗುರ.

"ಅಪ್ಪಾ, ಇದರಾಗಿನ ಸೀಸ ಎಲ್ಲೈತಿ?"

"ಅದು ಕಿರಾಣಿ ಅಂಗಡಿಯವ್ರದು. ತೂಕದ ತಪಾಸಣಿ ಬರತೈತಂತ ಇಲ್ಲೆ ಬಚ್ಚಿಟ್ಟು ಹೋಗ್ಯಾರ."

"ಕೆರದು ತಗದವ್ರು ಯಾರು?"

ತೆಗೆದವನು ಮೌನೇಶಪ್ಪನೇ. ಊರಿಗೆಲ್ಲ ಕೆರೆದು ಕೊಟ್ಟ ಕೈ ಅದು; ಯಾವ ಕಲ್ಲು ಸಾಚಾ, ಯಾವುದು ಖೊಟ್ಟಿ ಎಂಬುದು ಅವನಿಗೇ ಮರೆತುಹೋಗಿತ್ತು.

ಮರುದಿನ ನನ್ನ ತಿರುಪು ಬಿಗಿದು, ಹೊಸದಾಗಿ ತೂಗಿ, ಒರೆಸಿ ಮಗಳ ಮುಂದಿಟ್ಟ. "ಈಗ ಬರೋಬ್ಬರಿ ಐತವಾ."

"ಯಾವ ಕಲ್ಲು ಕಟ್ಟೀದಿ, ಅಪ್ಪಾ?"

ಅವಳು ನನ್ನನ್ನು ಮತ್ತೆ ಮುಟ್ಟಲಿಲ್ಲ. ಅದೇ ಪೆಟ್ಟಿಗೆಯಲ್ಲಿ, ಆ ಕಲ್ಲುಗಳ ನಡುವೆ ನಾನು ತುಕ್ಕು ಹಿಡಿಯುತ್ತ ಬಿದ್ದಿದ್ದೇನೆ. ನನ್ನ ದೋಷಗಳನ್ನೆಲ್ಲ ಆ ಮನುಷ್ಯ ತೆಗೆದಿದ್ದ, ನಿಜ. ನಾನೀಗ ಒಳ್ಳೆಯ ಪಿಸ್ತೂಲೇ. ಆದರೆ ಅದನ್ನು ಅವಳಿಗೆ ನಂಬಿಸುವವರು ಈ ಮನೆಯಲ್ಲಿಲ್ಲ. ತಪಾಸಣೆಯ ಸುದ್ದಿ ಬಂದಾಗಲೆಲ್ಲ ಇನ್ನಷ್ಟು ಹಗುರ ಕಲ್ಲುಗಳು ಬಂದು ನನ್ನ ಮೇಲೆ ಬೀಳುತ್ತವೆ. ಮೌನೇಶಪ್ಪ ಇನ್ನೂ ಕೆರೆಯುತ್ತಲೇ ಇದ್ದಾನೆ.